ಊದಣ್ಣ ಉಸಿರೆಳೆದದ್ದು

ಊದಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಬ್ಯಾಂಕಿನ ಪಾಸ್ ಪುಸ್ತಕದಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ತನ್ನ ಪಾಡಿಗೆ ತಾನು ಬಿದ್ದುಕೊಂಡಿದೆ, ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಮೂವತ್ತೆಂಟು ವರ್ಷದಿಂದ ಒಂದೇ ಬೆಂಚಿನ ಮುಂದೆ ಕೂತು ಗಾಜು ಊದುತ್ತಿರುವ ಮನುಷ್ಯನನ್ನು ಇನ್ನೇನೆಂದು ಕರೆಯಬೇಕು, ನೀವೇ ಹೇಳಿ.

ಗಾಜು ಊದುವುದೆಂದರೆ ಹೂದಾನಿ, ಗಾಜಿನ ಹಂಸ ಎಂದುಕೊಳ್ಳಬೇಡಿ. ಆ ಶೋಕಿ ಕೆಲಸದವರನ್ನು ಕಂಡರೆ ಊದಣ್ಣನಿಗೆ ಅಷ್ಟಕ್ಕಷ್ಟೆ. ಅವನದು ಪ್ರಯೋಗಾಲಯದ ಗಾಜು. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ನಮ್ಮ ಕೈಗೆ ಕೊಡದೆ ದೂರದಿಂದಲೇ ತೋರಿಸಿ ಬೀರುವಿಗೆ ಬೀಗ ಹಾಕುತ್ತಿದ್ದರಲ್ಲ, ಉದ್ದ ಕತ್ತಿನ ಫ್ಲಾಸ್ಕು, ಹೊಟ್ಟೆಯೊಳಗೆ ಸುರುಳಿ ಸುತ್ತಿಕೊಂಡ ಕೊಳವೆ, ಅಂಥವು. ಬೆಂಚಿನ ಮೇಲೆ ನೀಲಿ ಜ್ವಾಲೆಯ ಬರ್ನರ್, ಎರಡೂ ಕೈಯಲ್ಲಿ ಗಾಜಿನ ಕೊಳವೆ, ಕೊಳವೆಯ ಬಾಲಕ್ಕೆ ಸಿಕ್ಕಿಸಿದ ರಬ್ಬರ್ ಪೈಪು, ಆ ಪೈಪಿನ ತುದಿ ಊದಣ್ಣನ ಹಲ್ಲಿನ ನಡುವೆ. ಗಾಜು ಕೆಂಪಗೆ ಕಾದು ಜೇನಿನ ಹಾಗೆ ಇಳಿಯತೊಡಗಿದಾಗ ತಿರುಗಿಸುತ್ತಾ ಊದಬೇಕು. ಒಂದು ಗುಟುಕು ಉಸಿರು ಹೆಚ್ಚಾದರೆ ಒಡೆಯಿತು, ಕಡಿಮೆಯಾದರೆ ಕುಸಿಯಿತು.

ಈ ಕಸುಬಿನಲ್ಲಿ ಮೊದಲು ಕಲಿಯುವುದು ಒಂದೇ ಮಾತು. ಬಾಯಿಗೆ ಪೈಪು ಬಂದ ಮೇಲೆ ಉಸಿರು ಹೊರಕ್ಕೇ ಹೋಗಬೇಕು. ಮೈಮರೆತು ಒಳಕ್ಕೆಳೆದರೆ ಆಚೆ ತುದಿಯ ಬೆಂಕಿಗಾಳಿ ನೇರ ಗಂಟಲಿಗೆ. ಊದಣ್ಣನ ಗುರು ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಹಾಗೆ ಎಳೆದು, ಆಮೇಲೆ ಸಾಯುವ ತನಕ ತುಕ್ಕು ಹಿಡಿದ ಬಾಗಿಲಿನ ದನಿಯಲ್ಲೇ ಮಾತಾಡಿದರು. ಆ ದನಿಯಲ್ಲೇ ಅವರು ಊದಣ್ಣನ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದು: "ಹೊರಗೆ ಕಣೋ, ಹೊರಗೆ!" ಮುಂದೆ ಊದಣ್ಣನೂ ತನ್ನ ಕೈಕೆಳಗೆ ಕಲಿತವರಿಗೆಲ್ಲ ಅದೇ ಮಾತು, ಅದೇ ಮೊಟಕು ಕೊಟ್ಟ. ಕಾರ್ಖಾನೆಯ ಯಜಮಾನರ ಮಗಳು ಹದಿನೆಂಟರಲ್ಲಿ ಕೆಲಸ ಕಲಿಯುತ್ತೇನೆಂದು ಬಂದು ಕೂತಾಗ ಅವಳಿಗೂ ಬಿಡಲಿಲ್ಲ. ಈಗ ಅವಳೇ ಯಜಮಾನಿ.

ಇನ್ನೊಂದು ಚಾಳಿಯಿತ್ತು. ಕೆಲಸ ಶುರುಮಾಡುವ ಮುಂಚೆ ಪೈಪಿನಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡಲು ಒಂದು ಪುಟ್ಟ "ಫೂ." ದಿನಕ್ಕೆ ಇನ್ನೂರು ಸಲ. ಮೂವತ್ತೆಂಟು ವರ್ಷ ಇನ್ನೂರು ಸಲ ಮಾಡಿದ್ದು ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತದೆಯೇ? ಅವನ ಜೊತೆ ಮನೆಗೂ ಬಂತು. ಕನ್ನಡಕ ಏರಿಸುವ ಮುಂಚೆ ಫೂ, ಪೆನ್ನಿನ ಮುಚ್ಚಳಕ್ಕೆ ಫೂ, ಬೀಗದ ಕೈಗೂ ಫೂ. ಹೆಂಡತಿಗೆ ಮದುವೆಯಾದ ಹೊಸತರಲ್ಲಿ ನಗು ಬರುತ್ತಿತ್ತು. ಆಮೇಲಾಮೇಲೆ ಅದು ಅವಳ ಕಿವಿಗೇ ಬೀಳುತ್ತಿರಲಿಲ್ಲ, ಗೋಡೆ ಗಡಿಯಾರದ ಸದ್ದು ಬೀಳದಿರುವಂತೆ.

ಊದಣ್ಣನಿಗೆ ಐವತ್ತಕ್ಕೆ ಸಕ್ಕರೆ ಕಾಯಿಲೆ ಬಂತು. ಬಂದದ್ದು ಬರಲಿ ಎಂದು ಮಾತ್ರೆ ನುಂಗಿಕೊಂಡು, ಚಹಾದ ಜೊತೆ ಎರಡು ಸಿಹಿ ಬಿಸ್ಕತ್ತು ತಿಂದುಕೊಂಡು ಆರಾಮವಾಗಿಯೇ ಇದ್ದ. ಐವತ್ತೇಳು ಮುಟ್ಟುವ ಹೊತ್ತಿಗೆ ಮಾತ್ರೆ ಕೈಚೆಲ್ಲಿತು. ಕಣ್ಣು ಮಂಜಾಗತೊಡಗಿತು. ಒಂದು ದಿನ ಬೆಳಿಗ್ಗೆ, ಕಾದ ಗಾಜಿನ ತುದಿಯನ್ನು ಸ್ಟ್ಯಾಂಡಿನ ಮೇಲೆ ಇಟ್ಟೆನೆಂದುಕೊಂಡು ತನ್ನದೇ ಎಡಗೈ ಗ್ಲೋವಿನ ಮೇಲೆ ಇಟ್ಟ. ಗ್ಲೋವು ಸುಟ್ಟಿತು, ಪುಣ್ಯಕ್ಕೆ ಕೈ ಉಳಿಯಿತು. ಯಜಮಾನಿ ಅದನ್ನು ನೋಡಿಬಿಟ್ಟಳು.

"ಊದಣ್ಣ, ನಾಳೆಯಿಂದ ಬೆಂಕಿ ಹತ್ರ ಬೇಡ," ಎಂದಳು. "ಪ್ಯಾಕಿಂಗ್ ರೂಮಲ್ಲಿರಿ."

"ಏನ್ ತಾಯಿ, ನನ್ನನ್ನ ಹುಲ್ಲು ತುರುಕೋಕೆ ಹಾಕ್ತೀಯಾ?"

"ಮೂರು ತಿಂಗಳು. ಡಾಕ್ಟರ ಹತ್ರ ಮೂರು ತಿಂಗಳ ಸಕ್ಕರೆ ಸರಾಸರಿ ಅಂತ ಒಂದು ರಕ್ತ ಪರೀಕ್ಷೆ ಇರುತ್ತಲ್ಲ, ಅದು ಎಂಟರೊಳಗೆ ಬಂದಿರೋ ಕಾಗದ ತನ್ನಿ, ನಿಮ್ಮ ಬೆಂಚು ನಿಮಗೇ. ಬರ್ಲಿಲ್ಲ ಅಂದ್ರೆ ಬೇರೆಯವರನ್ನ ಕೂರಿಸ್ತೀನಿ. ನೀವು ಬೆಂದುಹೋಗೋದನ್ನ ನೋಡ್ತಾ ಕೂರೋಕೆ ನನ್ನಿಂದ ಆಗಲ್ಲ."

ಆಗ ಅವನ ಸರಾಸರಿ ಹತ್ತೂವರೆಯಿತ್ತು.

ಮನೆಗೆ ಬಂದವನು ಶರ್ಟು ಬಿಚ್ಚದೆ ಕುರ್ಚಿಯಲ್ಲಿ ಕೂತ. ಬೆಂಚು ಹೋದರೆ ತಾನು ಏನು? ಬ್ಯಾಂಕ್ ಪುಸ್ತಕದಲ್ಲಿರುವ ಆ ಯಾರೋ ಮನುಷ್ಯ. ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ವಿಷಯ ಕೇಳಿ, "ಅಷ್ಟೇ ತಾನೆ? ಮೂರು ತಿಂಗಳು ಬಾಯಿ ಕಟ್ಟಿದ್ರಾಯ್ತು," ಎಂದಳು. ಹೇಳುವವರಿಗೇನು.

ಡಾಕ್ಟರಮ್ಮ ಇನ್ಸುಲಿನ್ ಬೇಕೇ ಬೇಕು ಎಂದರು. ದಿನಕ್ಕೆ ನಾಲ್ಕು ಚುಚ್ಚು: ಮೂರು ಊಟಕ್ಕೆ ಮೂರು, ಮಲಗುವಾಗ ಒಂದು. ಸೂಜಿ ಹೇಗಿರುತ್ತದೆಂದು ತೋರಿಸಲು ಕೈಗೆತ್ತಿಕೊಂಡರು, ಅಷ್ಟೇ. ಸಾವಿರ ಡಿಗ್ರಿ ಬೆಂಕಿಯೆದುರು ಕಣ್ಣು ಮಿಟುಕಿಸದ ಮನುಷ್ಯ ಕುರ್ಚಿಯಿಂದ ಹಾಗೇ ಜಾರಿ ನೆಲ ಸೇರಿದ. ನೀರು ಚಿಮುಕಿಸಿ ಎಬ್ಬಿಸಿದಾಗ, "ಚುಚ್ಚಿ ಆಯ್ತಾ?" ಎಂದು ಕೇಳಿದ.

"ಇನ್ನೂ ಮುಚ್ಚಳಾನೇ ತೆಗೆದಿಲ್ಲ," ಎಂದರು ಡಾಕ್ಟರಮ್ಮ.

ಅವರು ಸ್ವಲ್ಪ ಯೋಚಿಸಿ ಇನ್ನೊಂದು ದಾರಿ ಹೇಳಿದರು. ಊಟದ ಹೊತ್ತಿನ ಇನ್ಸುಲಿನನ್ನು ಪುಡಿಯ ರೂಪದಲ್ಲಿ ಉಸಿರಿನ ಜೊತೆ ಎಳೆದುಕೊಳ್ಳಬಹುದು. ಶ್ವಾಸಕೋಶದಿಂದ ನೇರ ರಕ್ತಕ್ಕೆ ಇಳಿಯುತ್ತದೆ, ಬೇಗ ಕೆಲಸ ಮಾಡುತ್ತದೆ. ಮಲಗುವಾಗಿನ ಒಂದು ಚುಚ್ಚು ಮಾತ್ರ ತಪ್ಪುವುದಿಲ್ಲ. ಎಲ್ಲರಿಗೂ ಇದು ಆಗಿಬರುವುದಿಲ್ಲ, ಬೀಡಿ ಸಿಗರೇಟು ಸೇದುವವರಿಗೆ, ಉಬ್ಬಸದವರಿಗೆ ಕೊಡುವುದಿಲ್ಲ, ಶ್ವಾಸಕೋಶ ಗಟ್ಟಿಯಿದೆಯೇ ಎಂದು ಮೊದಲು ಪರೀಕ್ಷೆ ಮಾಡಬೇಕು.

ಶ್ವಾಸಕೋಶದ ಪರೀಕ್ಷೆ! ಊದಣ್ಣನ ಮುಖಕ್ಕೆ ಆ ದಿನ ಮೊದಲ ಬಾರಿ ರಕ್ತ ಬಂತು. ಯಂತ್ರದ ಕೊಳವೆಗೆ ಬಾಯಿಟ್ಟು ಜೋರಾಗಿ ಊದಬೇಕಂತೆ. ಊದಿದ. ಪರದೆಯ ಮೇಲಿನ ಗೆರೆ ಮೇಲೆ ಹೋಯಿತು, ಮುಂದೆ ಹೋಯಿತು, ಹೋಗುತ್ತಲೇ ಇತ್ತು. "ಇನ್ನೂ... ಇನ್ನೂ... ಇನ್ನೂ..." ಎಂದು ಹುರಿದುಂಬಿಸುತ್ತಿದ್ದ ದಾದಿ ಕೊನೆಗೆ ತಾನೇ ಸುಸ್ತಾಗಿ, "ಸಾಕು, ನಿಲ್ಲಿಸಿ ಮಾರಾಯ್ರೇ, ಯಂತ್ರ ಬಿಚ್ಚಿಕೊಂಡೀತು!" ಎಂದಳು.

ಆಮೇಲೆ ಸಾಧನ ತೋರಿಸಿದಳು. ಆಟದ ಮೈದಾನದ ಶಿಳ್ಳೆಗಿಂತ ತುಸು ದೊಡ್ಡದು. ಅದರ ಹೊಟ್ಟೆಯಲ್ಲಿ ಬೆರಳ ಉಗುರಿನಷ್ಟು ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯೊಳಗೆ ಕಂಡೂ ಕಾಣದಷ್ಟು ಬಿಳಿ ಪುಡಿ. "ಅಡ್ಡಡ್ಡ ಹಿಡೀಬೇಕು, ಅಲ್ಲಾಡಿಸಬಾರದು," ಎಂದು ದಾದಿ ಪಾಠ ಒಪ್ಪಿಸಿದಳು. "ಮೊದಲು ಪಕ್ಕಕ್ಕೆ ತಿರುಗಿ ಉಸಿರು ಪೂರ್ತಿ ಬಿಡಬೇಕು. ಇದರೊಳಗೆ ಮಾತ್ರ ಉಸಿರು ಬಿಡಬಾರದು. ಆಮೇಲೆ ಬಾಯಿಗಿಟ್ಟು ಎಳೀಬೇಕು."

"ಉಸಿರಿನ ವಿಷಯ ನನಗೆ ಹೇಳ್ಕೊಡ್ತೀಯಾ ತಾಯಿ?" ಎಂದ ಊದಣ್ಣ, ಮೀನಿಗೆ ಈಜು ಕಲಿಸಲು ಬಂದವಳನ್ನು ನೋಡಿದ ಹಾಗೆ ನೋಡಿ.

ದಾದಿ ತಾನೇ ಸಾಧನವನ್ನು ಕೈಯಲ್ಲಿ ಹಿಡಿದು ಅವನ ಬಾಯಿಗಿಟ್ಟಳು. ಅವನು ಎಳೆದ. ಪುಡಿ ಗಂಟಲಿಗೆ ತಾಗಿ ಖೊಕ್ ಖೊಕ್ ಎಂದು ಕೆಮ್ಮಿದ. "ಮೊದಮೊದಲು ಕೆಮ್ಮು ಬರುತ್ತೆ, ಹೆದರ್ಬೇಡಿ," ಎಂದಳು. ಇದಿಷ್ಟನ್ನೂ ನೀವು ನೆನಪಿಟ್ಟುಕೊಳ್ಳಿ. ಊದಣ್ಣ ಇಟ್ಟುಕೊಳ್ಳಲಿಲ್ಲ.

ಅವರ ಮನೆಯ ಊಟದ ಮೇಜಿನ ಬಗ್ಗೆ ಒಂದು ಮಾತು. ಅದರ ಮುಕ್ಕಾಲು ಭಾಗ ಹೆಂಡತಿಯ ರಾಜ್ಯ. ಅವಳು ವಕೀಲರ ಕಪ್ಪು ಗೌನು ಹೊಲಿಯುವವಳು. ಕೋರ್ಟಿನ ಹಿಂದಿನ ರಸ್ತೆಯ ಅಂಗಡಿಯೊಂದಕ್ಕೆ ವಾರಕ್ಕೆ ಹನ್ನೆರಡು ಗೌನು ಕೊಡಬೇಕು. ಕತ್ತರಿಸಿದ್ದು, ಹೊಲಿದದ್ದು, ಗುಂಡಿಗೆ ಕಾಯುತ್ತಿರುವುದು, ಎಲ್ಲ ಆ ಮೇಜಿನ ಮೇಲೆಯೇ ಗುಡ್ಡೆ. ಉಳಿದ ಕಾಲು ಭಾಗದಲ್ಲಿ ಗಂಡ ಹೆಂಡಿರ ಎರಡು ತಟ್ಟೆ. ಕಪ್ಪು ಬಟ್ಟೆಯ ಮೇಲೆ ಗುರುತು ಹಾಕಲು ಬಿಳಿ ಸೀಮೆಸುಣ್ಣ ಬೇಕು, ಸೀಮೆಸುಣ್ಣವೆಂದ ಮೇಲೆ ಧೂಳು ಬೀಳಬೇಕು. ಆ ಧೂಳನ್ನು ಬ್ರಷ್ಷಿನಿಂದ ಕೊಡವುತ್ತಾ ಸೀಮೆಸುಣ್ಣ ಮಾಡಿದವನ ವಂಶವನ್ನು ಬಯ್ಯುವುದು ಅವಳ ನಿತ್ಯದ ಕೆಲಸ.

ಊದಣ್ಣ ಮೂರು ಹೊತ್ತೂ ತಪ್ಪದೆ ಸಾಧನ ಹಿಡಿದು ಎದೆ ತುಂಬ ಎಳೆದುಕೊಂಡ. ಹಗಲಿನ ಊಟಕ್ಕೂ ಮನೆಗೇ ಬರುತ್ತಿದ್ದ, ಕಾರ್ಖಾನೆ ಎರಡು ಬೀದಿ ದಾಟಿದರೆ ಸಿಗುತ್ತಿತ್ತು. "ನೋಡೇ, ಒಂದು ಚೂರೂ ಕೆಮ್ಮಿಲ್ಲ! ಮನೆಗೆ ಬಂದ ಮೇಲೆ ಒಂದು ದಿನವೂ ಕೆಮ್ಮಿಲ್ಲ. ನನ್ನ ಶ್ವಾಸಕೋಶ ಅಂದ್ರೆ ಏನಂದ್ಕೊಂಡಿದ್ದೀಯಾ?" ಎಂದು ಎದೆ ತಟ್ಟಿಕೊಂಡ. ರಾತ್ರಿಯ ಒಂದು ಚುಚ್ಚನ್ನು ಹೆಂಡತಿ ಹಾಕುತ್ತಿದ್ದಳು. ಅವನು ಫ್ಯಾನು ನೋಡುತ್ತಾ ಹಲ್ಲು ಕಚ್ಚಿ ಕೂರುತ್ತಿದ್ದ. "ನಾನು ದಿನಕ್ಕೆ ಸಾವಿರ ಚುಚ್ಚು ಹಾಕ್ತೀನಿ, ಒಂದು ಗೌನೂ ಹೀಗೆ ಮುಖ ಮಾಡಿಲ್ಲ," ಎನ್ನುವಳು ಅವಳು.

ಎರಡು ವಾರ ಕಳೆಯಿತು. ಬೆರಳ ತುದಿಯಿಂದ ರಕ್ತ ತೆಗೆದು ನೋಡಿದರೆ, ಊಟವಾದ ಮೇಲೆ ಮುನ್ನೂರು. ಮೂರನೇ ವಾರ ಇನ್ನೂರ ತೊಂಬತ್ತು. ನಾಲ್ಕನೇ ವಾರ ಮತ್ತೆ ಮುನ್ನೂರು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ದೊಡ್ಡ ಪ್ರಮಾಣದ ಡಬ್ಬಿ ಬರೆದುಕೊಟ್ಟರು. ಸಕ್ಕರೆ ಜಪ್ಪಯ್ಯ ಎನ್ನಲಿಲ್ಲ.

ಹೆಂಡತಿಯ ಮನಸ್ಸಿಗೆ ಹುಳ ಬಿತ್ತು. ಔಷಧಿ ದಿನಾ ಕಣ್ಣೆದುರೇ ತೆಗೆದುಕೊಳ್ಳುತ್ತಾನೆ, ಸಕ್ಕರೆ ಇಳಿಯುವುದಿಲ್ಲ ಅಂದರೆ ಏನರ್ಥ? ಕದ್ದು ತಿನ್ನುತ್ತಿದ್ದಾನೆ.

"ರೀ, ನಿಜ ಹೇಳಿ. ಪ್ಯಾಕಿಂಗ್ ರೂಮಲ್ಲಿ ಏನು ತಿಂತಿದ್ದೀರಿ?"

"ಹುಲ್ಲು!" ಎಂದ ಊದಣ್ಣ ಸಿಟ್ಟಿನಿಂದ. ಅಲ್ಲಿ ಅವನು ಬೇರೆಯವರು ಊದಿದ ಗಾಜಿಗೆ ಒಣಹುಲ್ಲು ತುರುಕಿ, ಕಾಗದ ಸುತ್ತಿ, ಪೆಟ್ಟಿಗೆಗೆ ಹಾಕುತ್ತಿದ್ದ. ಯಾವ ಫ್ಲಾಸ್ಕಿನ ಕತ್ತು ಎಷ್ಟು ಸೊಟ್ಟಗಿದೆಯೆಂದು ಕಣ್ಣು ಮಂಜಾಗಿದ್ದರೂ ಬೆರಳಿಗೆ ಗೊತ್ತಾಗುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು.

ಮೂಲೆಯ ಚಹಾದಂಗಡಿಯವನಿಗೆ ಅವಳು ತಾಕೀತು ಮಾಡಿ ಬಂದಳು. ಶರ್ಟಿನ ಜೇಬು ತಡಕಿದಳು. ಮನೆಯಲ್ಲಿದ್ದ ಬಿಸ್ಕತ್ತಿನ ಡಬ್ಬಿಗೆ ಪುಟ್ಟ ಬೀಗ ಹಾಕಿ, ಕೀಲಿಯನ್ನು ತನ್ನ ಅಳತೆ ಟೇಪಿಗೆ ಕಟ್ಟಿ ಕತ್ತಿಗೆ ನೇತುಹಾಕಿಕೊಂಡಳು. ಅಷ್ಟಕ್ಕೇ ಸುಮ್ಮನಾದಳೇ? ಒಂದು ಸಂಜೆ ಅವನು ತುಟಿ ಒರೆಸಿಕೊಂಡನೆಂದು, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದುಬಿಟ್ಟಳು.

ಊದಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ. "ಬೆಂಚು ಹೋಗುತ್ತೆ ಅಂತ ನಾನು ಒಂದೊಂದು ದಿನ ಎಣಿಸ್ತಾ ಇದ್ದೀನಿ. ಅಂಥವನು ಬಿಸ್ಕತ್ತು ಕದೀತಾನಾ? ಮೂವತ್ತೆರಡು ವರ್ಷ ಜೊತೆಗಿದ್ದು ನೀನು ತಿಳ್ಕೊಂಡಿದ್ದು ಇಷ್ಟೇನಾ?" ಎಂದ. ಆಮೇಲೆ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಅವಳೂ ಮಾತಾಡಲಿಲ್ಲ. ಯಂತ್ರವೊಂದೇ ಟಕಟಕ ಮಾತಾಡುತ್ತಿತ್ತು.

ಏಳನೇ ವಾರದ ಭಾನುವಾರ. ಹಿಂದಿನ ದಿನ ಬಿಳಿ ಸೀಮೆಸುಣ್ಣ ಮುಗಿದಿತ್ತು, ಅಂಗಡಿಯಲ್ಲೂ ಸಿಗದೆ ಅವಳು ಹಳದಿ ತಂದಿದ್ದಳು. ಬೆಳಗಿನಿಂದ ನಾಲ್ಕು ಗೌನಿಗೆ ಹಳದಿಯಲ್ಲೇ ಗುರುತು ಹಾಕಿದಳು. ಮಧ್ಯಾಹ್ನ ಊಟವಾಯಿತು. ಗಂಡ ಕೈ ತೊಳೆಯಲು ಎದ್ದುಹೋದ. ಅವಳು ಬ್ರಷ್ಷು ತೆಗೆದುಕೊಂಡು ಗೌನು ಕೊಡವಲು ಹೋದವಳು ಹಾಗೇ ನಿಂತಳು. ಗಂಡನ ತಟ್ಟೆಯ ನೇರಕ್ಕಿದ್ದ ಗೌನಿನ ತೋಳಿನ ಮೇಲೆ ಬಿಳಿ ಧೂಳು. ತೆಳ್ಳಗೆ, ಉಸಿರು ಹೊಡೆದ ಕನ್ನಡಿಯ ಹಾಗೆ. ಹಳದಿ ಅಲ್ಲ, ಬಿಳಿ.

ಅವಳು ಬೆರಳಿಂದ ಮುಟ್ಟಿದಳು, ಮೂಸಿದಳು. ಆ ಗೌನನ್ನು ಚೆನ್ನಾಗಿ ಕೊಡವಿ ಅಲ್ಲೇ ಮತ್ತೆ ಹರಡಿದಳು. ಸಂಜೆ ಊಟಕ್ಕೆ ಕೂತಾಗ, ಗುಂಡಿ ಹೊಲಿಯುವ ನೆಪ ಮಾಡಿಕೊಂಡು ಕನ್ನಡಕದ ಮೇಲಿನಿಂದ ಗಂಡನನ್ನೇ ನೋಡಿದಳು.

ಊದಣ್ಣ ಡಬ್ಬಿ ಹಾಕಿದ. ಸಾಧನವನ್ನು ಅಡ್ಡಡ್ಡ ಹಿಡಿದ. ಪಕ್ಕಕ್ಕೆ ತಿರುಗಿ ದೊಡ್ಡದಾಗಿ ಉಸಿರು ಬಿಟ್ಟ. ಅಲ್ಲಿಯವರೆಗೆ ದಾದಿ ಹೇಳಿದಂತೆಯೇ. ಸಾಧನವನ್ನು ಬಾಯಿಗೆ ತಂದ, ತುಟಿ ಮುಚ್ಚಿದ, ತುಟಿ ಮುಚ್ಚಿದ ಕೂಡಲೇ —

"ಫೂ."

ಪುಟ್ಟದು. ಆಮೇಲೆ ಎದೆ ತುಂಬ ಎಳೆದ, ಖಾಲಿ ಗಾಳಿಯನ್ನು. ಬೆಳಕಿಗೆ ಅಡ್ಡವಾಗಿ ಹೊಗೆಯ ಎಳೆಯಂಥದ್ದೊಂದು ತೇಲಿ ಹೋಗಿ ಗೌನಿನ ಮೇಲೆ ಕೂತಿತು.

ಹೆಂಡತಿಯ ಕೈಯಿಂದ ಗುಂಡಿ ಬಿದ್ದು ಉರುಳಿತು. "ಅಯ್ಯೋ ನನ್ನಪ್ಪಾ!" ಎಂದು ನಗತೊಡಗಿದವಳು ನಿಲ್ಲಿಸಲೊಲ್ಲಳು. ಹೊಟ್ಟೆ ಹಿಡಿದುಕೊಂಡು, ಮೇಜಿನ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಏನಾಯ್ತೇ? ಹುಚ್ಚು ಹಿಡೀತಾ?"

"ರೀ... ಏಳು ವಾರದಿಂದ ನೀವು... ವಕೀಲರ ಗೌನಿಗೆ ಇನ್ಸುಲಿನ್ ಕೊಡ್ತಾ ಇದ್ದೀರಿ! ಈ ಊರಿನ ಕೋರ್ಟಲ್ಲಿ ಇನ್ಯಾವ ಗೌನಿಗೂ ಸಕ್ಕರೆ ಕಾಯಿಲೆ ಬರಲ್ಲ!"

ಅವಳು ವಿವರಿಸಿದಾಗ ಅವನು ನಂಬಲಿಲ್ಲ. ಖಾಲಿ ಡಬ್ಬಿ ಹಾಕಿಕೊಂಡು ಇನ್ನೊಮ್ಮೆ ಮಾಡಿ ತೋರಿಸಿದ. "ನೋಡು, ನಾನೆಲ್ಲಿ ಊದಿದೆ?" ಎಂದ. ಊದಿದ್ದ. ಮೂರನೇ ಸಲ ಅವಳು ಒಂದು ತುಂಡು ದಾರವನ್ನು ಸಾಧನದ ಮುಂದೆ ಇಳಿಬಿಟ್ಟು ಹಿಡಿದಳು. ದಾರ ಎಗರಿತು. ಅಂಗೈ ಹುಣ್ಣಿಗೆ ಕನ್ನಡಿ ಏಕೆ? ಊದಣ್ಣ ಬೆಪ್ಪಾಗಿ ದಾರವನ್ನೇ ನೋಡುತ್ತಾ ಕೂತ. ಆಸ್ಪತ್ರೆಯಲ್ಲಿ ಸಾಧನ ದಾದಿಯ ಕೈಯಲ್ಲಿತ್ತು, ಎಳೆದ. ಮನೆಯಲ್ಲಿ ತನ್ನ ಕೈಗೆ ಬಂತು. ಅವನ ಕೈ ಏನನ್ನೇ ತುಟಿಗೆ ತಂದರೂ ಬಾಯಿ ತನ್ನ ಕೆಲಸ ತಾನು ಮಾಡಿಬಿಡುತ್ತಿತ್ತು, ಯಜಮಾನನನ್ನು ಒಂದು ಮಾತೂ ಕೇಳದೆ. ಏಳು ವಾರದ ಔಷಧಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

ಹೆಂಡತಿಯ ನಗು ಅಷ್ಟು ಹೊತ್ತಿಗೆ ಅಳುವಾಗಿತ್ತು. ಕತ್ತಿನ ಟೇಪು ತೆಗೆದು, ಕೀಲಿ ಬಿಚ್ಚಿ, ಬಿಸ್ಕತ್ತಿನ ಡಬ್ಬಿಯ ಬೀಗ ತೆಗೆದು ಡಬ್ಬಿಯನ್ನು ಅವನ ಮುಂದೆ ತಳ್ಳಿದಳು.

"ನಿಮ್ಮನ್ನ ಕಳ್ಳ ಅಂದ್ನಲ್ರೀ. ನನ್ನ ಬಾಯಿಗೆ ಬರೆ ಹಾಕ್ಬೇಕು."

"ಬರೆ ಹಾಕೋ ಬೆಂಚು ಈಗ ನನ್ನ ಹತ್ರ ಇಲ್ಲ," ಎಂದ ಊದಣ್ಣ. ಡಬ್ಬಿ ಮುಚ್ಚಿ ಅವಳ ಕಡೆಗೇ ತಳ್ಳಿದ.

ಡಾಕ್ಟರಮ್ಮನಿಗೆ ಮರುದಿನ ಫೋನು ಹೋಯಿತು. ಆಚೆಯಿಂದ ಮೊದಲು ಏನೋ ವಿಚಿತ್ರ ಸದ್ದು ಬಂತು. ನಗುತ್ತಿದ್ದರೋ, ತಲೆ ಚಚ್ಚಿಕೊಳ್ಳುತ್ತಿದ್ದರೋ, ಯಾರಿಗೆ ಗೊತ್ತು. ಆಮೇಲೆ ಗಂಭೀರವಾಗಿ, "ದೊಡ್ಡ ಡಬ್ಬಿ ಮುಟ್ಟಬೇಡಿ. ಅದು ನಿಜವಾಗಿ ಒಳಗೆ ಹೋದ್ರೆ ಸಕ್ಕರೆ ಪಾತಾಳಕ್ಕಿಳಿದು ತಲೆ ಸುತ್ತಿ ಬೀಳ್ತೀರಿ. ಚಿಕ್ಕದರಿಂದಲೇ ಮತ್ತೆ ಶುರು ಮಾಡಿ," ಎಂದರು.

ಶುರು ಮಾಡುವುದೇನೋ ಸರಿ, ಮಾಡುವುದು ಹೇಗೆ? ಎಚ್ಚರದಿಂದಿದ್ದರಾಯಿತು ಎಂದುಕೊಂಡ. ಎಚ್ಚರದಿಂದಲೇ "ಫೂ" ಎಂದ. ಹೆಂಡತಿ ಎದುರು ಕೂತು ಮರದ ಅಳತೆಕೋಲು ಹಿಡಿದಳು, ಊದಿದರೆ ಮೊಣಕೈಗೆ ಏಟು. ಮೊಣಕೈ ಕೆಂಪಾಯಿತು, ಫೂ ನಿಲ್ಲಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವನದು ಹುಟ್ಟುಗುಣವೂ ಅಲ್ಲ, ಬೆಂಕಿಯೆದುರೇ ಕಲಿತ ಗುಣ, ಇನ್ನೆಲ್ಲಿ ಹೋದೀತು? ಮೂರನೇ ದಿನ ಊದಣ್ಣ ಸಾಧನವನ್ನು ಮೇಜಿನ ಮೇಲಿಟ್ಟು ತಲೆ ಹಿಡಿದುಕೊಂಡ. ಔಷಧಿ ಸರಿಯಿಲ್ಲವೆಂದು ಬಯ್ಯಬಹುದಾಗಿದ್ದ ದಿನಗಳೇ ವಾಸಿಯಿದ್ದವು.

"ನನ್ನ ಬಾಯೇ ನನ್ನ ಮಾತು ಕೇಳಲ್ವಲ್ಲೇ. ಅನ್ನ ಹಾಕಿದ ಬಾಯೇ ಬೆಂಚು ಕಿತ್ಕೊಳ್ತಾ ಇದೆ," ಎಂದ.

ಹೆಂಡತಿಯ ಯಂತ್ರದ ಮೇಲಿದ್ದ ಕಪ್ಪು ದಾರದ ರೀಲು ಆಗಷ್ಟೇ ಮುಗಿದಿತ್ತು. ಖಾಲಿ ರೀಲನ್ನು ಬಿಸಾಡಲೆಂದು ತೆಗೆದವಳು, ಅದರ ನಡುವಿನ ತೂತಿನಿಂದ ಕಿಟಕಿಯ ಕಡೆ ನೋಡಿದಳು. ಆಮೇಲೆ ಗಂಡನ ಕಡೆ ನೋಡಿದಳು.

"ರೀ, ಊದೋದು ಬಿಡಬೇಡಿ."

"ಏನು?"

"ಬಿಡಬೇಡಿ ಅಂದೆ. ಊದ್ಕೊಳ್ಳಿ. ಆದ್ರೆ ಇದಕ್ಕೆ." ಖಾಲಿ ರೀಲನ್ನು ಅವನ ಎಡಗೈಗೆ ಕೊಟ್ಟಳು. "ಮೊದಲು ಇದನ್ನ ಬಾಯಿಗಿಟ್ಟು ಫೂ ಅನ್ನಿ. ನಿಮ್ಮ ಬಾಯಿಗೆ ಸಮಾಧಾನ ಆಗ್ಲಿ. ಆಮೇಲೆ ಅದನ್ನ ಎಳೀರಿ."

ಮಗುವಿಗೆ ಗಿಲಕಿ ಕೊಟ್ಟು ಕೈಯಲ್ಲಿದ್ದ ಕತ್ತರಿ ಬಿಡಿಸಿಕೊಂಡಂತೆ, ಅಷ್ಟೇ ಉಪಾಯ. ಊದಣ್ಣ ನಂಬದೆಯೇ ರೀಲನ್ನು ತುಟಿಗಿಟ್ಟು ಊದಿದ. ಉಸಿರು ತೂತಿನಿಂದ ಸಲೀಸಾಗಿ ಆಚೆ ಹೋಯಿತು. ದಾರಿ ಸಾಫಿದೆ. ಬಾಯಿಗೆ ಬೇಕಾಗಿದ್ದದ್ದು ಅದೊಂದೇ ಭರವಸೆಯೇನೋ. ಬಲಗೈಯ ಸಾಧನ ತುಟಿಗೆ ಬಂದಾಗ ಬಾಯಿ ಸುಮ್ಮನಿತ್ತು. ಎಳೆದ.

"ಖೊಕ್! ಖೊಕ್ ಖೊಕ್!"

"ಕೆಮ್ಮು!" ಎಂದು ಕೂಗಿದಳು ಹೆಂಡತಿ.

"ಕೆಮ್ಮು ಬಂತು ಕಣೇ!" ಎಂದು ಕುರ್ಚಿಯಿಂದೆದ್ದ ಊದಣ್ಣ, ಕಣ್ಣಲ್ಲಿ ನೀರು ತುಂಬಿಕೊಂಡು. ಕೆಮ್ಮು ಬಂತೆಂದು ಇಷ್ಟು ಸಂಭ್ರಮಪಟ್ಟ ಗಂಡ ಹೆಂಡತಿಯನ್ನು ನಾನಂತೂ ಕಂಡಿಲ್ಲ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ನೂರ ತೊಂಬತ್ತು. ಒಂದು ವಾರಕ್ಕೆ ನೂರ ಎಪ್ಪತ್ತು. ಕಣ್ಣಿನ ಮಂಜು ಸ್ವಲ್ಪ ಸ್ವಲ್ಪವೇ ಸರಿಯತೊಡಗಿತು. ರೀಲು ಶರ್ಟಿನ ಜೇಬಿನಲ್ಲಿ ಖಾಯಂ ಆಯಿತು.

ಆದರೆ ಹೋದ ಏಳು ವಾರವನ್ನು ಯಾರು ತಂದುಕೊಡುತ್ತಾರೆ? ಮೂರು ತಿಂಗಳಾಗಿ ರಕ್ತ ಪರೀಕ್ಷೆ ಮಾಡಿಸಿದಾಗ ಸರಾಸರಿ ಎಂಟು ಪಾಯಿಂಟ್ ಏಳು. ಎಂಟರ ಗೆರೆಯ ಆಚೆಗೇ ನಿಂತಿತ್ತು.

ಕಾಗದ ಹಿಡಿದು ಊದಣ್ಣ ಯಜಮಾನಿಯ ಕೋಣೆಯ ಮುಂದೆ ಕಾಲು ಗಂಟೆ ಶತಪಥ ಹಾಕಿದ. ಔಷಧಿ ನಿಧಾನಕ್ಕೆ ಹಿಡಿಯಿತು ಎಂದು ಹೇಳಬಹುದು, ಡಾಕ್ಟರು ತಪ್ಪು ಪ್ರಮಾಣ ಕೊಟ್ಟರು ಎಂದೂ ಹೇಳಬಹುದು. ಯಾರು ಹೋಗಿ ಕೇಳುತ್ತಾರೆ? ಇಡೀ ಕಾರ್ಖಾನೆಗೆ ಉಸಿರು ಕಲಿಸಿದವನು ತನ್ನ ಔಷಧಿಯನ್ನು ತಾನೇ ಊದಿ ಹಾಳುಮಾಡಿಕೊಂಡ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು? ಕೊನೆಗೆ, ಆಗಿದ್ದಾಗಲಿ ಎಂದು ಬಾಗಿಲು ತಳ್ಳಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಗೌನು, ದಾರ, ಅಳತೆಕೋಲು, ರೀಲು, ಒಂದೂ ಬಿಡದೆ.

ಯಜಮಾನಿ ಕೆಳಗಿನ ತುಟಿ ಕಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ ಎದ್ದು ಬಂದು ಅವನ ಮುಂದೆ ನಿಂತಳು.

"ಊದಣ್ಣ, ನಾನು ಮೊದಲ ದಿನ ಪೈಪಲ್ಲಿ ಉಸಿರೆಳೆದಾಗ ಏನು ಮಾಡಿದ್ರಿ, ನೆನಪಿದೆಯಾ?"

"ತಲೆಗೆ ಮೊಟಕಿದ್ದೆ," ಎಂದ ಅವನು ನೆಲ ನೋಡುತ್ತಾ.

"ಹಾಗಾದ್ರೆ ತಲೆ ಬಗ್ಗಿಸಿ." ಅವನು ಬಗ್ಗಿಸಿದ. ಅವಳು ಅವನ ನೆತ್ತಿಗೆ ಮೆಲ್ಲಗೆ ಒಂದು ಮೊಟಕಿದಳು. "ಒಳಗೆ ಊದಣ್ಣ, ಒಳಗೆ!" ಎಂದವಳು ಆಮೇಲೆ ನಗು ತಡೆಯಲಾಗದೆ ಕುರ್ಚಿಯಲ್ಲಿ ಕುಸಿದಳು. ನಕ್ಕು ಮುಗಿದ ಮೇಲೆ ಕಾಗದದ ಮೇಲೆ ಬೆರಳಿಟ್ಟಳು. "ಆದ್ರೂ ಎಂಟು ಅಂದ್ರೆ ಎಂಟೇ. ಇನ್ನೆರಡು ತಿಂಗಳು ಕೊಡ್ತೀನಿ. ಅಲ್ಲಿವರೆಗೆ ನಿಮ್ಮ ಬೆಂಚಿಗೆ ಬಟ್ಟೆ ಹೊದಿಸಿಡ್ತೀನಿ, ಯಾರೂ ಕೂರಲ್ಲ."

ಎರಡು ತಿಂಗಳ ಮೇಲೆ ಬಂದ ಕಾಗದದಲ್ಲಿ ಏಳು ಪಾಯಿಂಟ್ ಎರಡು ಎಂದಿತ್ತು. ಕಣ್ಣು ಪರೀಕ್ಷಿಸಿದವರೂ ಅಡ್ಡಿಯಿಲ್ಲವೆಂದು ಬರೆದುಕೊಟ್ಟರು.

ಬೆಂಚಿಗೆ ಮರಳಿದ ದಿನ ಊದಣ್ಣ ಬಟ್ಟೆ ಸರಿಸಿ, ಧೂಳು ಒರೆಸಿ, ಬರ್ನರ್ ಹಚ್ಚಿದ. ನೀಲಿ ಜ್ವಾಲೆ ಸುಂಯ್ ಎಂದಿತು. ಗಾಜಿನ ಕೊಳವೆ ತೆಗೆದುಕೊಂಡ, ರಬ್ಬರ್ ಪೈಪು ಸಿಕ್ಕಿಸಿದ. ಆಮೇಲೆ, ಮೂರು ತಿಂಗಳು ದಾಟಿದ ಅಭ್ಯಾಸ ನೋಡಿ, ಎಡಗೈ ತಾನಾಗಿ ಜೇಬಿಗೆ ಹೋಗಿ ರೀಲು ತೆಗೆಯಿತು. ರೀಲಿಗೆ ಫೂ ಎಂದ. ಪೈಪನ್ನು ತುಟಿಗೆ ತರುತ್ತಿದ್ದವನು ಅರ್ಧದಲ್ಲೇ ನಿಂತ.

ರೀಲಾದ ಮೇಲೆ ಮುಂದಿನದು ಏನು? ಎಳೆಯುವುದು. ದಿನಕ್ಕೆ ಮೂರು ಸಲ ಬಾಯಿಗೆ ಅದನ್ನೇ ಕಲಿಸಿದ್ದಾನೆ. ಈಗ ಪೈಪು ಬಾಯಿಗಿಟ್ಟ ಕೂಡಲೇ ಎಳೆದುಬಿಟ್ಟರೆ? ಗುರುವಿನ ತುಕ್ಕು ಹಿಡಿದ ದನಿ ಕಿವಿಯಲ್ಲಿ ಕಿರುಗುಟ್ಟಿತು. ಮಿಕ್ಕ ಬೆಂಚಿನವರು ಕೆಲಸ ನಿಲ್ಲಿಸಿ ಇವನನ್ನೇ ನೋಡುತ್ತಿದ್ದರು. ಇಷ್ಟು ಹೆಣಗಾಡಿ ಗಳಿಸಿದ ಬೆಂಚಿನ ಮುಂದೆ, ತನ್ನ ಬಾಯಿ ಈಗ ಯಾರ ಮಾತು ಕೇಳುತ್ತದೆಂದು ತನಗೇ ಗೊತ್ತಿಲ್ಲದೆ ಕೂತಿದ್ದ ಊದಣ್ಣ.

ಬಾಗಿಲಲ್ಲಿ ಯಜಮಾನಿ ನಿಂತಿದ್ದಳು. ಅವನು ಎದ್ದುಹೋಗಿ ರೀಲನ್ನು ಅವಳ ಅಂಗೈಗೆ ಹಾಕಿದ.

"ಇದನ್ನ ನಾನು ಊಟಕ್ಕೆ ಮನೆಗೆ ಹೋಗೋವರೆಗೆ ನಿನ್ನ ಹತ್ರ ಇಟ್ಕೋ ತಾಯಿ. ಇದು ಊಟಕ್ಕೆ ಸೇರಿದ್ದು. ಇಲ್ಲಿಗೆ ಬರಬಾರದು."

ವಾಪಸು ಬಂದು ಕೂತ. ಕೈ ಖಾಲಿಯಾಗಿತ್ತು. ಗಾಜು ಎತ್ತಿಕೊಂಡ, ಜ್ವಾಲೆಗೆ ಹಿಡಿಯುವ ಮುಂಚೆ ಪೈಪು ತುಟಿಗೆ ಬಂತು. ಅವನು ಏನನ್ನೂ ಯೋಚಿಸಲಿಲ್ಲ.

"ಫೂ."

ಇಡೀ ಕೋಣೆ ಹೋ ಎಂದಿತು. ಊದಣ್ಣ ಯಾರ ಕಡೆಯೂ ನೋಡದೆ ಗಾಜು ತಿರುಗಿಸತೊಡಗಿದ. ಅಂದು ಐದು ಫ್ಲಾಸ್ಕು ಮಾಡಿದ, ಐದೂ ನೆಟ್ಟಗಿನವು. ಗಂಟೆ ಹೊಡೆದ ಮೇಲೆ ಉಳಿದ ಒಂದು ತುಂಡು ಗಾಜಿನಲ್ಲಿ ಇನ್ನೊಂದು ಪುಟ್ಟ ಸಾಮಾನು ಮಾಡಿ, ಆರಿಸಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಹೋದ.

ಹೆಂಡತಿ ಯಂತ್ರದ ಮುಂದಿದ್ದಳು. ಅವನು ಕರವಸ್ತ್ರ ಬಿಚ್ಚಿದ. ಗಾಜಿನ ರೀಲು. ಎರಡು ಕಡೆ ಅಂಚು, ನಡುವೆ ತೂತು, ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ.

ಅವಳು ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣು ತುಂಬಿದ್ದು ಕಾಣಬಾರದೆಂದು ಗದರಿಸಿದಳು: "ಗಾಜಿನ ರೀಲು ಯಾರಾದ್ರೂ ಮಾಡ್ತಾರೇನ್ರೀ? ಬಿದ್ದು ಒಡೆದುಹೋದ್ರೆ?"

"ಒಡೆದ್ರೆ ಇನ್ನೊಂದು ಮಾಡ್ಕೊಡ್ತೀನಿ. ಬೆಂಚು ಇದೆಯಲ್ಲ."

ಅವಳು ಮೂಗು ಒರೆಸಿಕೊಂಡು ಯಂತ್ರದ ಹಳೆಯ ರೀಲು ತೆಗೆದಳು. ಅದರ ಕಪ್ಪು ದಾರವನ್ನು ಹೊಸದಕ್ಕೆ ಸುತ್ತಲು ಕೂತಳು. ಸುತ್ತುವ ಮುಂಚೆ ಗಾಜಿನ ರೀಲನ್ನು ತುಟಿಯ ಹತ್ತಿರ ತಂದು, ತೂತಿನಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡುವವಳಂತೆ, "ಫೂ" ಎಂದಳು.

ಊದಣ್ಣ ಅವಳನ್ನೇ ನೋಡಿದ.

"ಏನ್ರೀ? ಏನು ನಗ್ತೀರಿ?"

"ಏನಿಲ್ಲ," ಎಂದ ಊದಣ್ಣ. "ಊಟಕ್ಕೆ ಹಾಕು."